ಬೋರ್ಡ್ ಸುಟ್ಟದ್ದು ಮಳೆಗಾಲದ ತೇವದಿಂದಲ್ಲ, ಆ ಒಂದು ಮೀಟರ್ ವಯರ್‌ನಿಂದ

ಪ್ರಶ್ನೆ: ಸರ್, ನಾನು ಉಡುಪಿಯವನು. ಮಲ್ಪೆಯ ಬೋಟುಗಳ ಐಸ್ ಪೆಟ್ಟಿಗೆಯೊಳಗೆ ಎಷ್ಟು ಡಿಗ್ರಿ ಇದೆ ಎಂದು ಗಂಟೆಗಂಟೆಗೂ ದಾಖಲಿಸುವ ಸಣ್ಣ ಉಪಕರಣ ಮಾಡುತ್ತಿದ್ದೇನೆ. ಅದಕ್ಕೆ ಬೇಕೆಂದು ಒಂದು ಪವರ್ ಮ್ಯಾನೇಜ್‌ಮೆಂಟ್ ಚಿಪ್‌ನ (ಒಂದು ವೋಲ್ಟೇಜ್‌ನಿಂದ ಬೇರೆಬೇರೆ ವೋಲ್ಟೇಜ್ ಮಾಡಿಕೊಡುವ ಚಿಪ್) ಇವ್ಯಾಲ್ಯುಯೇಷನ್ ಬೋರ್ಡ್, ಅಂದರೆ ಚಿಪ್ಪನ್ನು ಪರೀಕ್ಷಿಸಿ ನೋಡುವ ಬೋರ್ಡ್, ತರಿಸಿದೆ. ಚಿಪ್‌ನಲ್ಲಿ ವೋಲ್ಟೇಜ್ ಇಳಿಸಿ ಕೊಡುವ ಐದು ಔಟ್‌ಪುಟ್ ಇವೆ: ಸ್ವಿಚ್ ಮಾಡಿ ಇಳಿಸುವ ಬಕ್ ಕನ್ವರ್ಟರ್ ಮೂರು, ಸ್ವಿಚ್ ಮಾಡದೆ ಇಳಿಸುವ ಎಲ್‌ಡಿಓ ಎರಡು. ಇನ್‌ಪುಟ್ 2.7ರಿಂದ 5.5 ವೋಲ್ಟ್, ಗರಿಷ್ಠ ಮಿತಿ 6 ವೋಲ್ಟ್. ಬೆಂಚ್ ಸಪ್ಲೈಯಲ್ಲಿ (ವೋಲ್ಟೇಜ್, ಕರೆಂಟ್ ಮಿತಿ ಎರಡನ್ನೂ ಸೆಟ್ ಮಾಡಬಹುದಾದ ಪವರ್ ಸಪ್ಲೈ) 5 ವೋಲ್ಟ್ ಇಟ್ಟು ಮೀಟರ್‌ನಲ್ಲೂ ನೋಡಿದೆ, 5.02 ಇತ್ತು. ಕರೆಂಟ್ ಲಿಮಿಟ್ 3 ಆಂಪಿಯರ್. ಒಂದು ಮೀಟರ್ ಉದ್ದದ ಕ್ರಾಕಡೈಲ್ ಕ್ಲಿಪ್ ವಯರ್. ಕಪ್ಪು ಕ್ಲಿಪ್ ಹಾಕಿ ಕೆಂಪನ್ನು ಮುಟ್ಟಿಸುವಾಗ ಸಣ್ಣ ಕಿಡಿ ಬಂತು. ಎಲ್‌ಇಡಿ ಒಮ್ಮೆ ಹತ್ತಿ ಆರಿತು. ಸಪ್ಲೈ 3 ಆಂಪಿಯರ್ ತೋರಿಸಿತು, ಚಿಪ್ ಮುಟ್ಟಲಾಗದಷ್ಟು ಬಿಸಿಯಾಯಿತು. ಗೆಳೆಯರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ: ಮಳೆಗಾಲದ ತೇವ, ಕೈಯ ಸ್ಟ್ಯಾಟಿಕ್, 3 ಆಂಪಿಯರ್ ಇಟ್ಟದ್ದೇ ತಪ್ಪು, ಚಿಪ್ಪೇ ಡೂಪ್ಲಿಕೇಟ್. ಎರಡನೇ ಬೋರ್ಡ್ ಬಂದಿದೆ, ಕವರ್ ಬಿಚ್ಚಲು ಧೈರ್ಯ ಬರುತ್ತಿಲ್ಲ. ಹೇಗೆ ಶುರು ಮಾಡಲಿ? ಲ್ಯಾಪ್‌ಟಾಪ್‌ನಿಂದ ಐ2ಸಿ (ಚಿಪ್ ಜೊತೆ ಮಾತಾಡುವ ಎರಡು ವಯರ್‌ನ ಸಂಪರ್ಕ) ಮೂಲಕ ಚಿಪ್ಪನ್ನು ಸೆಟ್ ಮಾಡಬೇಕು, ಆದರೆ ಚಾರ್ಜರ್ ಹಾಕಿದಾಗ ಲ್ಯಾಪ್‌ಟಾಪ್‌ನ ಮೈ ಮುಟ್ಟಿದರೆ ಜುಂ ಅನ್ನುತ್ತದೆ. ಹಳೇ ಬೋರ್ಡ್‌ಗೆ ಹೊಸ ಚಿಪ್ ಹಾಕಬಹುದಾ? ಆಗಸ್ಟ್ 1ಕ್ಕೆ ಬೋಟುಗಳು ಕಡಲಿಗಿಳಿಯುತ್ತವೆ. ಅಷ್ಟರೊಳಗೆ ಒಂದಾದರೂ ಸಿದ್ಧವಾಗಬೇಕು.

ಉತ್ತರ:

ನೀವು ಕೇಳಿದ್ದು ನಾಲ್ಕೈದು ಪ್ರಶ್ನೆ. ಆದರೆ ಎಲ್ಲದರ ಒಳಗಿರುವ ಭಯ ಒಂದೇ. ಮೊದಲನೆಯದು ಯಾಕೆ ಹೋಯಿತೆಂದು ಗೊತ್ತಿಲ್ಲದೆ ಎರಡನೆಯದಕ್ಕೆ ಕೈ ಹಾಕುವುದು ಹೇಗೆ? ಆ ಭಯ ಸರಿಯಾಗಿಯೇ ಇದೆ. ಕವರ್ ಬಿಚ್ಚದೆ ಕೂತದ್ದು ಒಳ್ಳೆಯದಾಯಿತು.

ನೀವು ಬರೆದದ್ದರಲ್ಲಿ ನನ್ನ ಕಣ್ಣು ನಿಂತದ್ದು ಒಂದು ಪದದ ಮೇಲೆ: ಕಿಡಿ. ಸಪ್ಲೈ ಮೊದಲೇ ಆನ್ ಆಗಿತ್ತು, ಆಮೇಲೆ ನೀವು ಕೆಂಪು ಕ್ಲಿಪ್ ಮುಟ್ಟಿಸಿದಿರಿ. ಬೋರ್ಡ್ ಹೋದದ್ದು ಬಹುಮಟ್ಟಿಗೆ ಆ ಕ್ಷಣದಲ್ಲಿಯೇ. ಅದನ್ನು ವಿವರಿಸುವ ಮೊದಲು ಗೆಳೆಯರ ನಾಲ್ಕು ಮಾತುಗಳನ್ನು ನೋಡೋಣ. ನಾಲ್ಕೂ ಪೂರ್ತಿ ಸುಳ್ಳಲ್ಲ.

3 ಆಂಪಿಯರ್ ಇಟ್ಟದ್ದರಿಂದ ಚಿಪ್‌ಗೆ 3 ಆಂಪಿಯರ್ ನುಗ್ಗಿತು ಅನ್ನುವುದು ತುಂಬಾ ಜನ ನಂಬಿರುವ ಮಾತು. ಹಾಗಾಗುವುದಿಲ್ಲ. ಅಡುಗೆಮನೆಯ 15 ಆಂಪಿಯರ್ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿದರೆ ಮೊಬೈಲ್‌ಗೆ 15 ಆಂಪಿಯರ್ ಹೋಗುವುದಿಲ್ಲ, ಅಲ್ವಾ? ತನಗೆ ಬೇಕಾದಷ್ಟು ಕರೆಂಟನ್ನು ಬೋರ್ಡ್ ಎಳೆದುಕೊಳ್ಳುತ್ತದೆ, ಸಪ್ಲೈ ತಳ್ಳುವುದಿಲ್ಲ. ಆದರೆ ಒಳಗೆ ಶಾರ್ಟ್ ಆದ ಮೇಲೆ 3 ಆಂಪಿಯರ್ ಹರಿದು ಚಿಪ್ಪನ್ನು ಬೇಯಿಸಿದ್ದು ನಿಜ. ಲಿಮಿಟ್ 200 ಮಿಲಿಆಂಪಿಯರ್ ಇದ್ದಿದ್ದರೆ ಅಷ್ಟು ಬಿಸಿ ಆಗುತ್ತಿರಲಿಲ್ಲ. ಚಿಪ್ ಮಾತ್ರ ಆಗಲೂ ಹೋಗುತ್ತಿತ್ತು. ಯಾಕೆಂದು ಮುಂದೆ ಹೇಳುತ್ತೇನೆ.

ತೇವದ ವಿಷಯ. ಕರಾವಳಿಯ ಜುಲೈ ಗಾಳಿಯಲ್ಲಿ ನೀರೂ ಇದೆ, ಉಪ್ಪೂ ಇದೆ. ತಿಂಗಳುಗಟ್ಟಲೆ ಹೊರಗಿಟ್ಟ ಬೋರ್ಡ್‌ನ ಕನೆಕ್ಟರ್ ಹಸಿರು ಹಿಡಿಯುತ್ತದೆ. ಬೆಸುಗೆ ಹಾಕಿದ ಮೇಲೆ ತೊಳೆಯದೆ ಬಿಟ್ಟ ಫ್ಲಕ್ಸ್ (ಬೆಸುಗೆಯ ಅಂಟು) ನೀರು ಹೀರಿ, ಅದರ ಮೂಲಕ ಸಣ್ಣಗೆ ಕರೆಂಟ್ ಲೀಕ್ ಆಗುತ್ತದೆ. ಔಟ್‌ಪುಟ್ ಎಷ್ಟಿರಬೇಕೆಂದು ನಿರ್ಧರಿಸುವ ಫೀಡ್‌ಬ್ಯಾಕ್ ರೆಸಿಸ್ಟರ್‌ಗಳು ನೂರಾರು ಕಿಲೋಓಮ್ ಇದ್ದಲ್ಲಿ ಔಟ್‌ಪುಟ್ ವೋಲ್ಟೇಜ್ ಸ್ವಲ್ಪ ಆಚೀಚೆ ಆಗಲು ಅಷ್ಟು ಸಾಕು. ಆದರೆ ಕವರ್‌ನಿಂದ ಆಗತಾನೆ ತೆಗೆದ ಹೊಸ ಬೋರ್ಡ್ ತೇವಕ್ಕೆ ಒಂದು ಸೆಕೆಂಡಿನಲ್ಲಿ ಸುಟ್ಟುಹೋಗುವುದಿಲ್ಲ.

ಸ್ಟ್ಯಾಟಿಕ್ ವಿಷಯದಲ್ಲಿ ನಮ್ಮ ಊರಿನ ಹವೆ ನಮ್ಮ ಪರ. ಒಣ ಗಾಳಿಯಲ್ಲಿ ಕಾರ್ಪೆಟ್ ಮೇಲೆ ನಡೆದರೆ ಮೈಗೆ 35,000 ವೋಲ್ಟ್‌ವರೆಗೂ ಏರಬಹುದು. ತೇವದ ಗಾಳಿಯಲ್ಲಿ ಅದೇ 1,500ರ ಆಸುಪಾಸು. ಇಂಥ ಚಿಪ್‌ಗಳ ಪಿನ್‌ಗಳು ಸಾಮಾನ್ಯವಾಗಿ 2,000 ವೋಲ್ಟ್ ತಡೆಯುವಂತೆ ಮಾಡಿರುತ್ತಾರೆ. ಹಾಗಂತ ಸ್ಟ್ಯಾಟಿಕ್ ಇಳಿಸುವ ಮಣಿಕಟ್ಟಿನ ಪಟ್ಟಿ ಬೇಡ ಎನ್ನಬೇಡಿ. ಎ.ಸಿ. ಹಾಕಿದ ಕೋಣೆಯ ಗಾಳಿ ಒಣಗಿಯೇ ಇರುತ್ತದೆ, ಹೊರಗೆ ಎಷ್ಟು ಮಳೆ ಸುರಿದರೂ. ನಿಮ್ಮ ಬೋರ್ಡ್ ಮಾತ್ರ ಸ್ಟ್ಯಾಟಿಕ್‌ಗೆ ಹೋದದ್ದಲ್ಲ. ಸ್ಟ್ಯಾಟಿಕ್ ಹೊಡೆತ ತಿಂದ ಚಿಪ್ ಆಗಲೇ ಸತ್ತಿರುತ್ತದೆ ಅಥವಾ ಅರೆಜೀವವಾಗಿ ಒದ್ದಾಡುತ್ತದೆ. ನಿಮ್ಮದು ಎಲ್‌ಇಡಿ ಹತ್ತಿಸಿ, ಆಮೇಲೆ ಶಾರ್ಟ್ ಆಗಿದೆ.

ಡೂಪ್ಲಿಕೇಟ್ ಎನ್ನುವುದನ್ನು ಬಿಡಿ. ಬಿಡಿಬಿಡಿಯಾಗಿ ಕೊಳ್ಳುವ ಚಿಪ್‌ಗಳಲ್ಲಿ ಅದು ಆಗುತ್ತದೆ. ಚಿಪ್ ಮಾಡಿದವರೇ ಜೋಡಿಸಿ ಕಳಿಸುವ ಬೋರ್ಡ್‌ನಲ್ಲಿ ಅದರ ಸಾಧ್ಯತೆ ತೀರಾ ಕಡಿಮೆ.

ಈಗ ಕಿಡಿಗೆ ಬರೋಣ.

ಅಡಿಕೆ ತೋಟಕ್ಕೆ ನೀರು ಬಿಡುವವರಿಗೆ ಇದು ಗೊತ್ತು. ಪಂಪು ಓಡುತ್ತಿರುವಾಗ ಗೇಟ್ ವಾಲ್ವನ್ನು ಥಟ್ಟನೆ ಮುಚ್ಚಿದರೆ ಪೈಪು ಢಬ್ ಎಂದು ಹೊಡೆದುಕೊಳ್ಳುತ್ತದೆ. ಉದ್ದ ಪೈಪಿನಲ್ಲಿ ಓಡುತ್ತಿದ್ದ ನೀರಿಗೆ ತಕ್ಷಣ ನಿಲ್ಲಲು ಆಗುವುದಿಲ್ಲ, ಒತ್ತಡವಾಗಿ ನುಗ್ಗುತ್ತದೆ. ವಯರ್‌ನಲ್ಲಿ ಓಡುವ ಕರೆಂಟೂ ಹಾಗೆಯೇ. ವಯರ್‌ಗೆ ಇಂಡಕ್ಟೆನ್ಸ್ ಇದೆ, ಅಂದರೆ ಓಡುವ ಕರೆಂಟನ್ನು ಥಟ್ಟನೆ ಬದಲಾಗಲು ಬಿಡದ ಗುಣ. ಅದು ಒಂದು ಮೀಟರ್ ಉದ್ದಕ್ಕೆ ಸುಮಾರು 1 ಮೈಕ್ರೋಹೆನ್ರಿ. ಕೆಂಪು ಒಂದು ಮೀಟರ್, ಕಪ್ಪು ಒಂದು ಮೀಟರ್, ಎರಡೂ ಮೇಜಿನ ಮೇಲೆ ಬೇರೆಬೇರೆ ಬಿದ್ದಿದ್ದರೆ ಒಟ್ಟು 2 ಮೈಕ್ರೋಹೆನ್ರಿ. ಬೋರ್ಡ್‌ನ ಇನ್‌ಪುಟ್‌ನಲ್ಲಿ ಖಾಲಿ ಸೆರಾಮಿಕ್ ಕೆಪಾಸಿಟರ್ ಇದೆ. 20 ಮೈಕ್ರೋಫ್ಯಾರಡ್ ಎಂದು ಬರೆದಿದ್ದರೂ 5 ವೋಲ್ಟ್ ಬಿದ್ದಾಗ ಅರ್ಧದಷ್ಟು ಮಾತ್ರ ಉಳಿಯುವುದು ಈ ಜಾತಿಯ ಕೆಪಾಸಿಟರ್‌ನ ಗುಣ. ಹಾಗಾಗಿ 10 ಎಂದುಕೊಳ್ಳಿ. ಕ್ಲಿಪ್ ಮುಟ್ಟಿದೊಡನೆ ಕರೆಂಟ್ ನುಗ್ಗಿ ಕೆಪಾಸಿಟರ್ ತುಂಬುತ್ತದೆ. 5 ವೋಲ್ಟ್ ಮುಟ್ಟಿದಾಗ ವಯರ್‌ನಲ್ಲಿ ಇನ್ನೂ ಹಲವು ಆಂಪಿಯರ್ ಓಡುತ್ತಿರುತ್ತದೆ. ಅದು ನಿಲ್ಲಲಾರದು. ಹಾಗಾಗಿ ಕೆಪಾಸಿಟರನ್ನು 5ರಿಂದಲೂ ಮೇಲಕ್ಕೆ ತುಂಬಿಸುತ್ತದೆ. ವಯರ್‌ನ ರೆಸಿಸ್ಟೆನ್ಸ್ 0.1 ಓಮ್ ಎಂದು ಹಿಡಿದು ಲೆಕ್ಕ ಹಾಕಿದರೆ ತುದಿ 8.5 ವೋಲ್ಟ್ ಆಸುಪಾಸು ಬರುತ್ತದೆ. ರೆಸಿಸ್ಟೆನ್ಸೇ ಇಲ್ಲದಿದ್ದರೆ ಸರಿಯಾಗಿ ಎರಡು ಪಟ್ಟು, 10 ವೋಲ್ಟ್. ಇಷ್ಟೆಲ್ಲ ನಡೆಯುವುದು ಸುಮಾರು 14 ಮೈಕ್ರೋಸೆಕೆಂಡ್‌ನಲ್ಲಿ.

ನಿಮ್ಮ ಚಿಪ್‌ನ ಗರಿಷ್ಠ ಮಿತಿ 6 ವೋಲ್ಟ್.

ಮೀಟರ್‌ನಲ್ಲಿ 5.02 ಕಂಡದ್ದೂ ನಿಜ, ಚಿಪ್ 8 ವೋಲ್ಟ್ ಕಂಡದ್ದೂ ನಿಜ. ಸೆಕೆಂಡಿಗೆ ಮೂರ್ನಾಲ್ಕು ಸಲ ಓದುವ ಮೀಟರ್‌ಗೆ ಇದು ಕಾಣುವುದಿಲ್ಲ. ಕರೆಂಟ್ ಲಿಮಿಟ್ ಕಾಪಾಡದೆ ಇರುವುದೂ ಇದಕ್ಕೇ. ಸಪ್ಲೈಯ ಔಟ್‌ಪುಟ್ ಟರ್ಮಿನಲ್‌ಗಳ ಹಿಂದೆಯೇ ಒಂದು ದೊಡ್ಡ ಕೆಪಾಸಿಟರ್ ಕೂತಿರುತ್ತದೆ. ಲಿಮಿಟ್ ಮಾಡುವ ಸರ್ಕ್ಯೂಟ್ ಎಚ್ಚರಾಗುವ ಮೊದಲೇ ಅದು ತನ್ನಲ್ಲಿದ್ದದ್ದನ್ನು ಸುರಿದುಬಿಟ್ಟಿರುತ್ತದೆ.

ಇದನ್ನು ನಾನು ಕಲಿತದ್ದು ಬೋರ್ಡ್ ಕಳೆದುಕೊಂಡೇ. ಕೆಲಸಕ್ಕೆ ಸೇರಿದ ಶುರುವಿನ ವರ್ಷಗಳು. ಒಂದೇ ಮಧ್ಯಾಹ್ನ ಒಂದೇ ಬೆಂಚಿನಲ್ಲಿ ಮೂರು ಬೋರ್ಡ್ ಹೋದವು. ಪಕ್ಕದ ಬೆಂಚಿನಲ್ಲಿ ಅದೇ ಲಾಟಿನ ಬೋರ್ಡ್‌ಗಳು ಆರಾಮಾಗಿ ಓಡುತ್ತಿದ್ದವು. ಚಿಪ್ ಬದಲಿಸಿದೆವು, ಸಪ್ಲೈ ಬದಲಿಸಿದೆವು, ಎ.ಸಿ. ಮೇಲೂ ಅನುಮಾನ ಪಟ್ಟೆವು. ಕೊನೆಗೆ ಹಿರಿಯರೊಬ್ಬರು ಬಂದು ಬೋರ್ಡ್ ಮುಟ್ಟಲೇ ಇಲ್ಲ, ವಯರ್ ನೋಡಿದರು. ಆ ಬೆಂಚಿನ ಸಪ್ಲೈಯನ್ನು ಮೇಲಿನ ಅಟ್ಟಕ್ಕೆ ಸರಿಸಿದ್ದರಿಂದ ವಯರ್ ಉದ್ದವಾಗಿತ್ತು. ಖಾಲಿ ಬೋರ್ಡ್‌ಗೆ ಬರೀ ಇನ್‌ಪುಟ್ ಕೆಪಾಸಿಟರ್ ಬೆಸುಗೆ ಹಾಕಿ, ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪ್ ಅನ್ನು ಸಿಂಗಲ್ ಟ್ರಿಗರ್‌ಗೆ ಇಟ್ಟು (ವೋಲ್ಟೇಜ್ ಏರಿದೊಡನೆ ಆ ಒಂದು ಕ್ಷಣವನ್ನು ಹಿಡಿದಿಡುವಂತೆ), ಕ್ಲಿಪ್ ಮುಟ್ಟಿಸಿದರು. ಗೆರೆ 5ನ್ನು ದಾಟಿ 8.6ಕ್ಕೆ ಹೋಗಿ, ಇಳಿದು, ಮತ್ತೆ ಏರಿ, ಅಲೆ ಅಲೆಯಾಗಿ 5ಕ್ಕೆ ಬಂದು ನಿಂತಿತು. ಆಮೇಲೆ 100 ಮೈಕ್ರೋಫ್ಯಾರಡ್‌ನ ಒಂದು ಸಾದಾ ಎಲೆಕ್ಟ್ರೊಲಿಟಿಕ್ ಕೆಪಾಸಿಟರನ್ನು ಇನ್‌ಪುಟ್‌ಗೆ ಅಡ್ಡ ಹಿಡಿದು ಮತ್ತೆ ಮುಟ್ಟಿಸಿದರು. ಗೆರೆ ಮೆತ್ತಗೆ 5ಕ್ಕೆ ಹೋಗಿ ಕೂತಿತು. ಆ ಎರಡು ಚಿತ್ರ ಇವತ್ತಿಗೂ ನನ್ನ ಕಣ್ಣ ಮುಂದಿವೆ. ನಿಮ್ಮಲ್ಲಿ ಸ್ಕೋಪ್ ಇದ್ದರೆ ಎರಡನೇ ಬೋರ್ಡ್ ಮುಟ್ಟುವ ಮೊದಲು ಈ ಪ್ರಯೋಗ ನೀವೇ ಮಾಡಿ ನೋಡಿ. ಬೇಕಾಗುವುದು ಎರಡು ಸೆರಾಮಿಕ್ ಕೆಪಾಸಿಟರ್, ನಿಮ್ಮದೇ ವಯರ್. ಅಷ್ಟೇ.

ತಪ್ಪಿಸುವ ದಾರಿಗಳು ನಾಲ್ಕಿವೆ. ಮೊದಲನೆಯದು ಅಭ್ಯಾಸ. ಸಪ್ಲೈಯ ಔಟ್‌ಪುಟ್ ಆಫ್ ಇಟ್ಟು ವಯರ್ ಜೋಡಿಸಿ, ಆಮೇಲೆ ಔಟ್‌ಪುಟ್ ಬಟನ್ ಒತ್ತಿ. ಒಳ್ಳೆಯ ಸಪ್ಲೈಗಳು ವೋಲ್ಟೇಜನ್ನು ನಿಧಾನಕ್ಕೆ ಏರಿಸುತ್ತವೆ, ಅಲೆ ಏಳುವುದಿಲ್ಲ. ಕೆಲವು ಅಗ್ಗದ ಸಪ್ಲೈಗಳಲ್ಲಿ ಆ ಬಟನ್ನೇ ಇರುವುದಿಲ್ಲ. ಅಂಥದ್ದರಲ್ಲಿ ನಾಬನ್ನು ಸೊನ್ನೆಗೆ ಇಳಿಸಿ, ಸಪ್ಲೈ ಆನ್ ಮಾಡಿ, ಜೋಡಿಸಿ, ಆಮೇಲೆ ಏರಿಸಿ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಮೆಸ್ಕಾಂ ಕರೆಂಟ್ ಹೋಗಿ ಬಂದಾಗ ಕೆಲವು ಸಪ್ಲೈಗಳು ಶುರುವಿನಲ್ಲಿ ಒಮ್ಮೆ ಎಗರುತ್ತವೆ. ಕರೆಂಟ್ ಹೋದ ತಕ್ಷಣ ಕೆಂಪು ವಯರ್ ತೆಗೆದುಬಿಡಿ.

ಎರಡನೆಯದು ವಯರ್. 30 ಸೆಂಟಿಮೀಟರ್‌ಗಿಂತ ಉದ್ದ ಬೇಡ, ದಪ್ಪ ಇರಲಿ, ಕೆಂಪು ಕಪ್ಪು ಎರಡನ್ನೂ ಜಡೆಯ ಹಾಗೆ ಹೆಣೆಯಿರಿ. ಹೆಣೆದರೆ ಇಂಡಕ್ಟೆನ್ಸ್ ಕಡಿಮೆಯಾಗುತ್ತದೆ.

ಮೂರನೆಯದು ಆ ಎಲೆಕ್ಟ್ರೊಲಿಟಿಕ್. ಬೋರ್ಡ್‌ನ ಇನ್‌ಪುಟ್ ಟರ್ಮಿನಲ್‌ನಲ್ಲೇ 100ರಿಂದ 220 ಮೈಕ್ರೋಫ್ಯಾರಡ್, 16 ವೋಲ್ಟ್. ಇಲ್ಲಿ ದುಬಾರಿಯದ್ದು ಬೇಡ. ಇದರೊಳಗಿನ ಸ್ವಲ್ಪ ರೆಸಿಸ್ಟೆನ್ಸೇ ಅಲೆಯನ್ನು ನುಂಗುವುದು. ಆ ಒಳಗಿನ ರೆಸಿಸ್ಟೆನ್ಸ್ (ಇಎಸ್‌ಆರ್) ಕಡಿಮೆ ಇರುವ ಪಾಲಿಮರ್ ಕೆಪಾಸಿಟರ್ ಹಾಕಿದರೆ ಈ ಕೆಲಸ ಅಷ್ಟು ಚೆನ್ನಾಗಿ ಆಗುವುದಿಲ್ಲ. ಪ್ಲಸ್ ಮೈನಸ್ ಎರಡು ಸಲ ನೋಡಿಕೊಳ್ಳಿ, ತಿರುಗಿಸಿ ಹಾಕಿದರೆ ಅದೇ ಸಿಡಿಯುತ್ತದೆ.

ನಾಲ್ಕನೆಯದು ಟಿವಿಎಸ್ ಡಯೋಡ್, ವೋಲ್ಟೇಜ್ ಮಿತಿ ಮೀರಿದಾಗ ಹೆಚ್ಚಿನದನ್ನು ಗ್ರೌಂಡ್‌ಗೆ ಹರಿಸುವ ಭಾಗ. ಇದನ್ನೇ ನಂಬಿ ಕೂರುವವರಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಎಸ್‌ಎಂಎಜೆ5.0ಎ ಅನ್ನುವ ಸಾಮಾನ್ಯ ಡಯೋಡ್ ನೋಡಿ. ಹೆಸರಿನಲ್ಲಿ 5 ಇದೆ. ಆದರೆ ಅದು ಕೆಲಸ ಶುರು ಮಾಡುವುದೇ 6.4 ವೋಲ್ಟ್‌ನ ಮೇಲೆ. ಪೂರ್ತಿ ಹೊಡೆತ ಬಿದ್ದಾಗ 9.2 ವೋಲ್ಟ್‌ವರೆಗೂ ಬಿಡುತ್ತದೆ. 6 ವೋಲ್ಟ್ ಮಿತಿಯ ಚಿಪ್‌ಗೆ ಅದೊಂದೇ ಸಾಲದು.

ನಾನಾದರೆ ಮೊದಲ ಮೂರನ್ನೂ ಒಟ್ಟಿಗೆ ಮಾಡುತ್ತೇನೆ. ಒಂದೇ ಆರಿಸು ಅಂದರೆ ಎಲೆಕ್ಟ್ರೊಲಿಟಿಕ್. ಅಭ್ಯಾಸ ಒಂದು ದಿನ ಕೈಕೊಡುತ್ತದೆ, ಬೆಸುಗೆ ಹಾಕಿದ ಕೆಪಾಸಿಟರ್ ಅಲ್ಲೇ ಇರುತ್ತದೆ.

ಈಗ ಎರಡನೇ ಬೋರ್ಡ್‌ನ ಕವರ್ ಬಿಚ್ಚಿ. ಆದರೆ ತಕ್ಷಣ ಕರೆಂಟ್ ಕೊಡಬೇಡಿ. ಮೊದಲು ಯೂಸರ್ ಗೈಡ್‌ನಲ್ಲಿ ಜಂಪರ್‌ಗಳ (ಎರಡು ಪಿನ್ ಜೋಡಿಸುವ ಸಣ್ಣ ಟೊಪ್ಪಿಗಳು) ಚಿತ್ರ ಹುಡುಕಿ, ಒಂದೊಂದಾಗಿ ಹೋಲಿಸಿ. ಸಾಗಣೆಯಲ್ಲಿ ಜಂಪರ್ ಬಿದ್ದುಹೋಗುವುದುಂಟು. ಚಿಪ್ಪನ್ನು ಆನ್ ಮಾಡುವ ಎನೇಬಲ್ ಪಿನ್ ಮತ್ತು ಐ2ಸಿಯ ವೋಲ್ಟೇಜ್ ಆರಿಸುವ ಜಂಪರ್, ಈ ಎರಡನ್ನು ವಿಶೇಷವಾಗಿ ನೋಡಿ. ಆಮೇಲೆ ಮೀಟರನ್ನು ಓಮ್‌ಗೆ ಇಟ್ಟು ಇನ್‌ಪುಟ್‌ನಿಂದ ಗ್ರೌಂಡ್‌ಗೆ, ಪ್ರತಿ ಔಟ್‌ಪುಟ್‌ನಿಂದ ಗ್ರೌಂಡ್‌ಗೆ ಎಷ್ಟಿದೆ ಎಂದು ಬರೆದುಕೊಳ್ಳಿ. ಆರೋಗ್ಯವಾಗಿದ್ದಾಗ ಬರೆದಿಟ್ಟ ಆ ಆರು ಸಂಖ್ಯೆ ಮುಂದೆ ಏನಾದರೂ ಆದಾಗ ಬಹಳ ಉಪಯೋಗಕ್ಕೆ ಬರುತ್ತವೆ.

ಮೊದಲ ಸಲ 5 ವೋಲ್ಟ್ ಬೇಡ, 3.3 ಕೊಡಿ. ಲಿಮಿಟ್ 200 ಮಿಲಿಆಂಪಿಯರ್. ಔಟ್‌ಪುಟ್‌ಗಳಿಗೆ ಕರೆಂಟ್ ಎಳೆಯುವ ಲೋಡ್ ಏನೂ ಬೇಡ. ಇನ್ನೂ ಅಳುಕಿದ್ದರೆ ಕೆಂಪು ವಯರ್‌ನಲ್ಲಿ 4.7 ಓಮ್‌ನ 5 ವಾಟ್ ಸಿಮೆಂಟ್ ರೆಸಿಸ್ಟರ್ ಸೇರಿಸಿ. ಅದಿದ್ದರೆ ಅಲೆ ಏಳುವುದೇ ಇಲ್ಲ. ಚಿಪ್ ಸುಮ್ನೆ ಕೂತಾಗ ಕೆಲವು ಮಿಲಿಆಂಪಿಯರ್ ಮಾತ್ರ ಎಳೆಯುವುದರಿಂದ ಅದರಲ್ಲಿ ಕಳೆದುಹೋಗುವ ವೋಲ್ಟೇಜೂ ಅಷ್ಟಕ್ಕಷ್ಟೆ. ಔಟ್‌ಪುಟ್ ಒತ್ತಿ, ಸಪ್ಲೈಯ ಕರೆಂಟ್ ನೋಡಿ. ಹತ್ತಿಪ್ಪತ್ತು ಮಿಲಿಆಂಪಿಯರ್ ಒಳಗಿದ್ದರೆ ಸರಿ. 200ಕ್ಕೆ ಹೋಗಿ ನಿಂತರೆ ತಕ್ಷಣ ಆಫ್ ಮಾಡಿ. ಒಂದೊಂದೇ ಔಟ್‌ಪುಟ್ ಅಳೆಯಿರಿ. 3.3 ವೋಲ್ಟ್‌ನ ಔಟ್‌ಪುಟ್ ಮಾತ್ರ ಪೂರ್ತಿ ಬರುವುದಿಲ್ಲ, ಇನ್‌ಪುಟ್ಟೇ ಅಷ್ಟಿರುವಾಗ ಬಕ್ ಕನ್ವರ್ಟರ್ ಅದನ್ನು ಕೊಡಲಾರದು. ಉಳಿದವು ಸರಿ ಬಂದರೆ ಆಫ್ ಮಾಡಿ, ರೆಸಿಸ್ಟರ್ ತೆಗೆದು, 5 ವೋಲ್ಟ್‌ಗೆ ಹೋಗಿ. ಲೋಡ್ ಹಾಕುವಾಗ ಆ ರೆಸಿಸ್ಟರ್ ಇರಲೇಬಾರದು. 300 ಮಿಲಿಆಂಪಿಯರ್ ಎಳೆದರೆ ಅದರಲ್ಲೇ 1.4 ವೋಲ್ಟ್ ಹೋಗುತ್ತದೆ.

ಅದೇ ತೊಂದರೆ ಸಣ್ಣ ರೂಪದಲ್ಲಿ ಅಗ್ಗದ, ತೆಳ್ಳಗಿನ ಕ್ರಾಕಡೈಲ್ ವಯರ್‌ಗಳಲ್ಲೂ ಇರುತ್ತದೆ. ಬಣ್ಣದ ಪ್ಲಾಸ್ಟಿಕ್ ದಪ್ಪಗಿದ್ದರೂ ಒಳಗೆ ಕೂದಲಿನಂಥ ನಾಲ್ಕು ಎಳೆ ತಾಮ್ರ ಇರುತ್ತದೆ, ಕ್ಲಿಪ್‌ಗೆ ಬೆಸುಗೆಯೂ ಇರುವುದಿಲ್ಲ, ಸುಮ್ನೆ ಮಡಚಿ ಒತ್ತಿರುತ್ತಾರೆ. ಒಂದೊಂದು ವಯರ್ 0.25 ಓಮ್ ಇದ್ದರೆ ಆಶ್ಚರ್ಯವಿಲ್ಲ. ಒಂದು ಲೆಕ್ಕ ನೋಡಿ. 3.3 ವೋಲ್ಟ್‌ನಲ್ಲಿ 1 ಆಂಪಿಯರ್, 1.8 ವೋಲ್ಟ್‌ನಲ್ಲಿ 1 ಆಂಪಿಯರ್ ಲೋಡ್ ಹಾಕಿದಿರಿ. ಒಟ್ಟು 5.1 ವಾಟ್. ಚಿಪ್‌ನ ದಕ್ಷತೆ ಶೇ. 90 ಎಂದುಕೊಳ್ಳೋಣ. ಸಪ್ಲೈ 5 ವೋಲ್ಟ್ ಎಂದು ತೋರಿಸುತ್ತಿದ್ದರೂ ಬೋರ್ಡ್‌ಗೆ ತಲುಪುವುದು 4.35, ಕರೆಂಟ್ 1.3 ಆಂಪಿಯರ್. ಸಪ್ಲೈಯ ಡಿಸ್‌ಪ್ಲೇ ನೋಡಿ ಲೆಕ್ಕ ಹಾಕಿದರೆ ದಕ್ಷತೆ ಶೇ. 78 ಬರುತ್ತದೆ. ಚಿಪ್ ಸರಿಯಿಲ್ಲ ಎಂದು ನೀವು ಬೇರೆ ಚಿಪ್ ಹುಡುಕಲು ಹೊರಡುತ್ತೀರಿ. ತಪ್ಪು ಇದ್ದದ್ದು ವಯರ್‌ನಲ್ಲಿ. ಆದ್ದರಿಂದ ವೋಲ್ಟೇಜನ್ನು ಯಾವಾಗಲೂ ಬೋರ್ಡ್ ಮೇಲಿನ ಸೆನ್ಸ್ ಪಿನ್‌ಗಳಲ್ಲೇ (ವೋಲ್ಟೇಜ್ ಅಳೆಯಲೆಂದೇ ಇರುವ ಪಿನ್) ಅಳೆಯಿರಿ, ಇನ್‌ಪುಟ್‌ನದ್ದೂ ಔಟ್‌ಪುಟ್‌ನದ್ದೂ.

ಇನ್‌ಪುಟ್ ಇಳಿದಷ್ಟೂ ಬಕ್ ಕನ್ವರ್ಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ ಎನ್ನುವುದೂ ನೆನಪಿರಲಿ. ಔಟ್‌ಪುಟ್‌ಗೆ ಅಷ್ಟೇ ವಾಟ್ ಕೊಡಬೇಕಲ್ಲ. ಅದು ಎಳೆದಂತೆ ವಯರ್‌ನಲ್ಲಿ ಇನ್ನಷ್ಟು ಕಳೆದುಹೋಗುತ್ತದೆ. ಒಂದು ಹಂತದಲ್ಲಿ ಚಿಪ್ ಕಡಿಮೆ ವೋಲ್ಟೇಜ್ ಎಂದು ಆಫ್ ಆಗುತ್ತದೆ. ಲೋಡ್ ಹೋಯಿತು, ವೋಲ್ಟೇಜ್ ಏರಿತು, ಮತ್ತೆ ಆನ್. ಎಲ್‌ಇಡಿ ಮಿಣಮಿಣ ಅನ್ನುತ್ತಿದ್ದರೆ ಬಹಳ ಸಲ ಕಾರಣ ಇದೇ. ಕರೆಂಟ್ ಅಳೆಯಲು ಮಲ್ಟಿಮೀಟರನ್ನು ಮಿಲಿಆಂಪಿಯರ್ ರೇಂಜ್‌ನಲ್ಲಿ ನಡುವೆ ಸೇರಿಸಿದರೂ ಹೀಗಾಗುತ್ತದೆ, ಅದರೊಳಗೆ ಒಂದು ಓಮ್‌ಗೂ ಜಾಸ್ತಿ ಇರಬಹುದು. 10 ಆಂಪಿಯರ್‌ನ ಸಾಕೆಟ್ ಬಳಸಿ.

ಎಲೆಕ್ಟ್ರಾನಿಕ್ ಲೋಡ್ (ಹೇಳಿದಷ್ಟು ಕರೆಂಟ್ ಎಳೆಯುವ ಮೆಷೀನ್) ಇದ್ದರೆ ಚಿಪ್ ಆನ್ ಆಗಿ ಔಟ್‌ಪುಟ್ ಸ್ಥಿರವಾದ ಮೇಲೆಯೇ ಅದನ್ನು ಆನ್ ಮಾಡಿ. ಕಾನ್‌ಸ್ಟಂಟ್ ಕರೆಂಟ್‌ಗೆ ಇಟ್ಟು ಮೊದಲೇ ಜೋಡಿಸಿದ್ದರೆ, ಔಟ್‌ಪುಟ್ ಅರ್ಧ ವೋಲ್ಟ್ ಇರುವಾಗಲೇ ಪೂರ್ತಿ ಕರೆಂಟ್ ಕೇಳುತ್ತದೆ. ನಿಜವಾದ ಯಾವ ಪ್ರೊಸೆಸರೂ ಹಾಗೆ ಮಾಡುವುದಿಲ್ಲ. ಚಿಪ್ ಏಳಲಾರದೆ ಬೀಳುತ್ತದೆ. ಲೋಡ್ ಮೆಷೀನ್ ಇಲ್ಲದಿದ್ದರೆ ಚಿಂತೆ ಬೇಡ. 1.8 ವೋಲ್ಟ್‌ಗೆ 1.8 ಓಮ್‌ನ 5 ವಾಟ್ ಸಿಮೆಂಟ್ ರೆಸಿಸ್ಟರ್ ಹಾಕಿದರೆ 1 ಆಂಪಿಯರ್ ಆಯಿತು. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರ ಕೈಯಲ್ಲಿ ಬೇರೆಬೇರೆ ಓಮ್‌ನದ್ದು ಹತ್ತಿಪ್ಪತ್ತು ತರಿಸಿಟ್ಟುಕೊಳ್ಳಿ.

ರಿಪಲ್ (ಔಟ್‌ಪುಟ್ ವೋಲ್ಟೇಜಿನ ಸಣ್ಣ ಏರಿಳಿತ) ಅಳೆಯುವಾಗಲೂ ಒಂದು ವಯರ್ ಮೋಸ ಮಾಡುತ್ತದೆ: ಸ್ಕೋಪ್ ಪ್ರೋಬ್‌ನ ಉದ್ದ ಗ್ರೌಂಡ್ ವಯರ್. ಅದು ಪ್ರೋಬ್ ತುದಿಯ ಜೊತೆ ಒಂದು ಕುಣಿಕೆ ಆಗಿ, ಇಂಡಕ್ಟರ್‌ನ ಸುತ್ತಲಿನ ಗದ್ದಲವನ್ನೆಲ್ಲ ಹಿಡಿಯುತ್ತದೆ. 15 ಮಿಲಿವೋಲ್ಟ್ ಇರುವುದು 150 ಎಂದು ಕಾಣಬಹುದು. ಕ್ಲಿಪ್ ತೆಗೆದು, ಪ್ರೋಬ್ ಜೊತೆ ಬರುವ ಸಣ್ಣ ಸ್ಪ್ರಿಂಗ್ ಹಾಕಿ, ಔಟ್‌ಪುಟ್ ಕೆಪಾಸಿಟರ್‌ನ ಎರಡು ತುದಿಗೇ ಒತ್ತಿ ಹಿಡಿಯಿರಿ. ಸ್ಕೋಪ್‌ನಲ್ಲಿ 20 ಮೆಗಾಹರ್ಟ್ಜ್ ಬ್ಯಾಂಡ್‌ವಿಡ್ತ್ ಲಿಮಿಟ್ ಆನ್ ಮಾಡಿ. ಲೋಡ್ ಇಲ್ಲದಾಗ ರಿಪಲ್ ಜಾಸ್ತಿ ಕಂಡರೆ ಗಾಬರಿ ಬೇಡ. ಕರೆಂಟ್ ಉಳಿಸಲು ಚಿಪ್ ಆಗೊಮ್ಮೆ ಈಗೊಮ್ಮೆ ಮಾತ್ರ ಸ್ವಿಚ್ ಮಾಡುತ್ತಿರುತ್ತದೆ. ಬ್ಯಾಟರಿಯಲ್ಲಿ ಓಡುವ ನಿಮ್ಮ ಉಪಕರಣಕ್ಕೆ ಅದು ಒಳ್ಳೆಯದೇ.

ಇನ್ನು ಜುಂ ಅನ್ನುವ ಲ್ಯಾಪ್‌ಟಾಪ್. ಇದನ್ನು ಸಣ್ಣದೆಂದು ಬಿಡಬೇಡಿ. ಎರಡು ಪಿನ್ನಿನ ಚಾರ್ಜರ್‌ಗಳಲ್ಲಿ ಕರೆಂಟ್ ಲೈನಿಗೂ ಔಟ್‌ಪುಟ್ಟಿಗೂ ನಡುವೆ ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರಿಂದಾಗಿ ಲ್ಯಾಪ್‌ಟಾಪ್‌ನ ಮೈ ನೆಲಕ್ಕೆ ಹೋಲಿಸಿದರೆ 230ರ ಅರ್ಧ, ಅಂದರೆ 115 ವೋಲ್ಟ್‌ನ ಹತ್ತಿರ ತೇಲುತ್ತಿರುತ್ತದೆ. ಕರೆಂಟ್ ಮಿಲಿಆಂಪಿಯರ್‌ಗೂ ಕಡಿಮೆ, ಜೀವಕ್ಕೆ ಅಪಾಯವಿಲ್ಲ. ಆದರೆ ಯುಎಸ್‌ಬಿ-ಐ2ಸಿ ಅಡಾಪ್ಟರ್ ಸಿಕ್ಕಿಸುವಾಗ ಗ್ರೌಂಡ್‌ಗಿಂತ ಮೊದಲು ಡೇಟಾ ಪಿನ್ ಮುಟ್ಟಿತೋ, ಆ ಹೊಡೆತ ಚಿಪ್‌ನ ಪಿನ್ ಮೂಲಕವೇ ಹೋಗುತ್ತದೆ. ಮೂರು ಪಿನ್ನಿನ ಚಾರ್ಜರ್ ಇದ್ದರೂ ಮನೆಯ ಅರ್ಥಿಂಗ್ ಸರಿ ಇದೆಯೇ ನೋಡಿಸಿ. ನಮ್ಮ ಮುರಕಲ್ಲು ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಗುಂಡಿಗೆ ನೀರು ಹಾಕದಿದ್ದರೆ ಅದು ಹೆಸರಿಗಷ್ಟೇ ಉಳಿಯುತ್ತದೆ. ಸದ್ಯಕ್ಕೆ ಸುಲಭದ ದಾರಿ ಇದು: ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಕೆಲಸ ಮಾಡಿ, ಮೊದಲು ಗ್ರೌಂಡ್ ವಯರ್ ಜೋಡಿಸಿ, ಆಮೇಲೆ ಡೇಟಾ, ಕ್ಲಾಕ್. ಗುಡುಗು ಸಿಡಿಲು ಇರುವ ಸಂಜೆ ಈ ಕೆಲಸಕ್ಕೆ ಕೂರಲೇಬೇಡಿ.

ಐ2ಸಿಯಲ್ಲಿ ಚಿಪ್ ಮಾತಾಡದಿದ್ದರೆ ಅದು ಸತ್ತಿದೆ ಎಂದು ತೀರ್ಮಾನಿಸಬೇಡಿ. ಮೊದಲು ಡೇಟಾ, ಕ್ಲಾಕ್ ವಯರ್‌ಗಳ ವೋಲ್ಟೇಜನ್ನು ಎತ್ತಿ ಹಿಡಿಯುವ ಪುಲ್-ಅಪ್ ರೆಸಿಸ್ಟರ್‌ಗೆ ವೋಲ್ಟೇಜ್ ಬರುತ್ತಿದೆಯೇ ನೋಡಿ. ಆಮೇಲೆ ವಿಳಾಸ, ಅಂದರೆ ಐ2ಸಿಯಲ್ಲಿ ಚಿಪ್ಪನ್ನು ಕರೆಯುವ ಸಂಖ್ಯೆ. ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್‌ನಲ್ಲಿರುವ ಟಿಪಿಎಸ್65217 ಪವರ್ ಚಿಪ್ಪನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅದರ 7 ಬಿಟ್ ವಿಳಾಸ ಹೆಕ್ಸ್ 24. ಅದನ್ನೇ 8 ಬಿಟ್‌ನಲ್ಲಿ ಬರೆದರೆ 48. ನಿಮ್ಮ ಸಾಫ್ಟ್‌ವೇರ್ ಯಾವುದನ್ನು ಕೇಳುತ್ತಿದೆ ಎಂದು ನೋಡದೆ ದಿನಗಟ್ಟಲೆ ಒದ್ದಾಡಿದವರನ್ನು ನಾನು ಕಂಡಿದ್ದೇನೆ. ಅದೇ ಚಿಪ್‌ನಲ್ಲಿ ಬಕ್ ಕನ್ವರ್ಟರ್‌ನ ವೋಲ್ಟೇಜ್ ಬದಲಿಸುವ ರಿಜಿಸ್ಟರ್‌ಗಳಿಗೆ (ಚಿಪ್‌ನೊಳಗೆ ಸೆಟ್ಟಿಂಗ್ ಬರೆಯುವ ಜಾಗಗಳು) ಪಾಸ್‌ವರ್ಡ್ ಇದೆ. ಪಾಸ್‌ವರ್ಡ್ ಬರೆದು ಮೌಲ್ಯ ಬರೆಯಬೇಕು, ಇಡೀ ಕ್ರಮವನ್ನು ಎರಡು ಸಲ ಮಾಡಬೇಕು. ಅಷ್ಟಾದ ಮೇಲೂ ‘ಗೋ’ ಎಂಬ ಬಿಟ್ ಹಾಕದಿದ್ದರೆ ವೋಲ್ಟೇಜ್ ಕದಲುವುದಿಲ್ಲ. ನಿಮ್ಮ ಚಿಪ್‌ನಲ್ಲೂ ಇಂಥದ್ದೇನಾದರೂ ಇದೆಯೇ ಎಂದು ಡೇಟಾಶೀಟ್‌ನ ರಿಜಿಸ್ಟರ್ ಅಧ್ಯಾಯ ಓದಿ. ಓಟಿಪಿಗೆ, ಅಂದರೆ ಚಿಪ್‌ನೊಳಗಿನ ಶಾಶ್ವತ ಮೆಮೊರಿಗೆ, ಬರೆಯುವ ಬಟನ್ ಮಾತ್ರ ಈಗ ಮುಟ್ಟಬೇಡಿ. ಅದು ಒಂದೇ ಸಲ ಬರೆಯುವಂಥದ್ದು, ತಪ್ಪಿದರೆ ಅಳಿಸಲಾಗುವುದಿಲ್ಲ.

ಹಳೇ ಬೋರ್ಡನ್ನು ಎಸೆಯಬೇಡಿ. ಹೊಸ ಚಿಪ್ ಹಾಕಬಹುದು, ಆದರೆ ಶಾರ್ಟ್ ಆದದ್ದು ಚಿಪ್ಪೇ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಇನ್‌ಪುಟ್‌ನ ಸೆರಾಮಿಕ್ ಕೆಪಾಸಿಟರ್ ಬಿರುಕುಬಿಟ್ಟರೂ ಹೀಗೇ ಶಾರ್ಟ್ ಆಗುತ್ತದೆ. ಸಪ್ಲೈಯನ್ನು 1 ವೋಲ್ಟ್‌ಗೆ ಇಳಿಸಿ, ಲಿಮಿಟ್ 1 ಆಂಪಿಯರ್ ಇಟ್ಟು, ಆ ಜಾಗಕ್ಕೆ ಬ್ರಷ್‌ನಲ್ಲಿ ಐಪಿಎ (ಐಸೊಪ್ರೊಪೈಲ್ ಆಲ್ಕೊಹಾಲ್) ಹಚ್ಚಿ. ಎಲ್ಲಿ ಮೊದಲು ಒಣಗುತ್ತದೋ ಅಲ್ಲೇ ಶಾರ್ಟ್. ಬೆಸುಗೆ ಕಡ್ಡಿ ಹತ್ತಿರ ಇರಬಾರದು, ಐಪಿಎಗೆ ಬೆಂಕಿ ಹತ್ತುತ್ತದೆ.

ಚಿಪ್ಪೇ ಹೋಗಿದ್ದರೆ ಇಲ್ಲಿ ತೇವ ನಿಜವಾಗಿಯೂ ಲೆಕ್ಕಕ್ಕೆ ಬರುತ್ತದೆ. ಬಿಡಿ ಚಿಪ್‌ನ ಪ್ಯಾಕೆಟ್ ಮೇಲೆ ಎಂಎಸ್‌ಎಲ್ 3 (ಚಿಪ್ ತೇವಕ್ಕೆ ಎಷ್ಟು ಸೂಕ್ಷ್ಮ ಎನ್ನುವ ಮಟ್ಟ) ಎಂದಿದ್ದರೆ, ತೆರೆದ ಮೇಲೆ 168 ಗಂಟೆಯೊಳಗೆ ಬೆಸುಗೆ ಹಾಕಬೇಕು. ಅದೂ 30 ಡಿಗ್ರಿ, ಶೇ. 60 ತೇವ ಮೀರದ ಕೋಣೆಯಲ್ಲಿ. ಉಡುಪಿಯ ಜುಲೈನಲ್ಲಿ ಎ.ಸಿ. ಇಲ್ಲದೆ ಶೇ. 60 ಸಿಗುವುದಿಲ್ಲ. ತೆರೆದಿಟ್ಟ ಚಿಪ್‌ನ ಪ್ಲಾಸ್ಟಿಕ್ ನೀರು ಹೀರಿಕೊಂಡಿರುತ್ತದೆ. ಹಾಟ್ ಏರ್ ಬಿಟ್ಟಾಗ ಆ ನೀರು ಹಬೆಯಾಗಿ ಚಿಪ್ಪನ್ನು ಒಳಗಿನಿಂದ ಸೀಳುತ್ತದೆ. ಪ್ಯಾಕೆಟ್ ತೆರೆದ ದಿನವೇ ಹಾಕಿ, ಇಲ್ಲವೇ ಪ್ಯಾಕೆಟ್ ಮೇಲೆ ಬರೆದ ಪ್ರಕಾರ ಬೇಕ್ ಮಾಡಿ. ಚಿಪ್‌ನ ಹೊಟ್ಟೆಯಡಿ ದೊಡ್ಡ ಗ್ರೌಂಡ್ ಪ್ಯಾಡ್ ಇದೆ, ಅದು ಸರಿಯಾಗಿ ಕೂರದಿದ್ದರೆ ಬಿಸಿ ಇಳಿಯುವುದಿಲ್ಲ. ಹಾಟ್ ಏರ್ ಕೈ ಪಳಗಿಲ್ಲದಿದ್ದರೆ ಮೊಬೈಲ್ ರಿಪೇರಿ ಮಾಡುವ ಒಳ್ಳೆಯ ಕೈಯವರ ಹತ್ತಿರ ಮಾಡಿಸಿ. ನಿಮ್ಮ ಸಮಯ ನೋಡಿದರೆ ಇದು ಆಗಸ್ಟ್ ಆದ ಮೇಲಿನ ಕೆಲಸ.

ಕೊನೆಗೆ ಬೋಟಿನ ಮಾತು, ನೀವು ಕೇಳದಿದ್ದರೂ ಹೇಳಬೇಕು. ಅಲ್ಲಿ ಬ್ಯಾಟರಿ 12 ಅಥವಾ 24 ವೋಲ್ಟ್, ಐಸ್ ಪೆಟ್ಟಿಗೆವರೆಗಿನ ವಯರ್ ಆರೇಳು ಮೀಟರ್. ನಿಮ್ಮ ಮೇಜಿನ ಮೇಲೆ ಏನಾಯಿತೋ ಅದೇ ಅಲ್ಲಿ ಇನ್ನೂ ದೊಡ್ಡದಾಗಿ ಆಗುತ್ತದೆ. ಯಾರೋ ಫ್ಯೂಸ್ ಬದಲಿಸಿ ಸಿಕ್ಕಿಸಿದ ಪ್ರತಿ ಸಲವೂ ಆಗುತ್ತದೆ. ಬ್ಯಾಟರಿಯಿಂದ 5 ವೋಲ್ಟ್ ಮಾಡುವ ಕನ್ವರ್ಟರ್ 24 ವೋಲ್ಟ್‌ನ ಎರಡು ಪಟ್ಟಿಗೂ ಜಾಸ್ತಿ ತಡೆಯುವಂಥದ್ದಾಗಿರಲಿ. ಅದರ ಬಾಯಲ್ಲೇ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇರಲಿ, 63 ವೋಲ್ಟ್‌ನದ್ದು. ಆರು ಮೀಟರ್ ವಯರನ್ನು ಈಗಲೇ ತಂದು ಬೆಂಚಿನ ಮೇಲೆ ಸುರುಳಿ ಸುತ್ತದೆ ಹರವಿ, ಖಾಲಿ ಕೆಪಾಸಿಟರ್ ಪ್ರಯೋಗವನ್ನು 24 ವೋಲ್ಟ್‌ನಲ್ಲೂ ಮಾಡಿ ನೋಡಿ. ಆ ಕೆಪಾಸಿಟರ್ 50 ವೋಲ್ಟ್‌ಗೂ ಮೇಲಿನದ್ದಾಗಿರಬೇಕು, ಕಣ್ಣಿಗೆ ಕನ್ನಡಕ ಇರಲಿ.

ಎರಡನೇ ಬೋರ್ಡ್ ಆನ್ ಮಾಡುವ ಮೊದಲು ಮೂರು ಸಂಖ್ಯೆ ಬರೆದು ಕಳಿಸಿ: ಇನ್‌ಪುಟ್‌ನಿಂದ ಗ್ರೌಂಡ್‌ಗೆ ಹೊಸ ಬೋರ್ಡ್‌ನಲ್ಲಿ ಎಷ್ಟು ಓಮ್, ಹಳೆಯದರಲ್ಲಿ ಎಷ್ಟು, ಖಾಲಿ ಕೆಪಾಸಿಟರ್ ಪ್ರಯೋಗದಲ್ಲಿ ಗೆರೆ ಎಷ್ಟು ವೋಲ್ಟ್‌ವರೆಗೆ ಹೋಯಿತು. ನೋಡಿ ತಕ್ಷಣ ಉತ್ತರಿಸುತ್ತೇನೆ.